ಬಜೆಟ್ ಬಂದಾಗ ಅಂಗಡಿಯವರು ಮೊದಲು ಕೇಳಬೇಕಾದ್ದು: ಯಾವತ್ತಿನಿಂದ?

ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಪಾತ್ರೆ ಅಂಗಡಿ, ರೆಡಿಮೇಡ್ ಬಟ್ಟೆ, ಖಾನಾವಳಿ, ಹಾರ್ಡ್‌ವೇರ್, ಸ್ಟೇಷನರಿ, ಮಂಡಕ್ಕಿ ಭಟ್ಟಿ, ಎಲ್ಲ ಥರದವರೂ ಇದ್ದಾರೆ. ಫೆಬ್ರವರಿ 1ರ ಮಧ್ಯಾಹ್ನ ಎಲ್ಲರದ್ದೂ ಒಂದೇ ಪ್ರಶ್ನೆ: “ಬಜೆಟ್‌ನಾಗೆ ನಮಗೇನೈತ್ರಿ ಅಕ್ಕಾ?”

ಟಿವಿಯ ‘ಯಾವುದು ಅಗ್ಗ, ಯಾವುದು ತುಟ್ಟಿ’ ಪಟ್ಟಿಯಲ್ಲಿ ಇದಕ್ಕೆ ಉತ್ತರ ಇರುವುದಿಲ್ಲ. ಆ ಪಟ್ಟಿ ಗಿರಾಕಿಗೆ ಮಾಡಿದ್ದು. ವ್ಯಾಪಾರ ಮಾಡುವವರಿಗೆ ದರಕ್ಕಿಂತ ದಿನಾಂಕ ಮುಖ್ಯ. ಬದಲಾವಣೆ ಯಾವ ದಿನದಿಂದ ಜಾರಿಗೆ ಬರುತ್ತದೆ, ಆ ದಿನ ನಮ್ಮ ಅಂಗಡಿಯಲ್ಲಿ ಯಾವ ಮಾಲು ಇರುತ್ತದೆ, ಯಾರ ಬಾಕಿ ಇರುತ್ತದೆ, ಲಾಭ ನಷ್ಟ ಎರಡೂ ಅಲ್ಲೇ ತೀರ್ಮಾನವಾಗುತ್ತವೆ. ನನ್ನ ಹತ್ತಿರ ಬರುವವರಿಗೆ ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬದಲಿಸಿದವರು ಯಾರು?

ಎಲ್ಲ ತೆರಿಗೆಯೂ ಬಜೆಟ್‌ನಲ್ಲಿ ಬದಲಾಗುವುದಿಲ್ಲ. ಹೆಚ್ಚಿನ ಗೊಂದಲ ಶುರುವಾಗುವುದು ಇಲ್ಲಿಂದಲೇ.

ಆದಾಯ ತೆರಿಗೆ ಮತ್ತು ಕಸ್ಟಮ್ಸ್ ಸುಂಕ ಕೇಂದ್ರ ಬಜೆಟ್‌ನದ್ದು. ಆದಾಯ ತೆರಿಗೆ ಬದಲಾದರೆ ಸಾಮಾನ್ಯವಾಗಿ ಏಪ್ರಿಲ್ 1ರಿಂದ ಜಾರಿ, ತಯಾರಿಗೆ ಎರಡು ತಿಂಗಳು ಸಿಗುತ್ತದೆ. ಕಸ್ಟಮ್ಸ್ ಹಾಗಲ್ಲ, ಮಾರನೇ ದಿನವೇ ಬದಲಾಗಿಬಿಡಬಹುದು. 2024ರ ಜುಲೈ 23ರ ಬಜೆಟ್‌ನಲ್ಲಿ ಬಂಗಾರದ ಮೇಲಿನ ಆಮದು ಸುಂಕ 15 ಪರ್ಸೆಂಟ್‌ನಿಂದ 6ಕ್ಕೆ ಇಳಿಯಿತು. ಮದುವೆ ಇಟ್ಟುಕೊಂಡವರಿಗೆ ಖುಷಿ. ಆದರೆ ಹಳೆಯ ಸುಂಕದ ಬೆಲೆಗೆ ಬಂಗಾರ ತಂದು ಕಪಾಟಿನಲ್ಲಿ ಇಟ್ಟಿದ್ದ ಅಂಗಡಿಯವರಿಗೆ ಅವತ್ತೇ ಪೆಟ್ಟು. ಅದಕ್ಕೇ ಆಮದಿನ ಮೇಲೆ ನಿಂತ ವ್ಯಾಪಾರ ಮಾಡುವವರಿಗೆ ನಾನು ಹೇಳುವುದು, ಜನವರಿ ಕೊನೆಯಲ್ಲಿ ಸ್ಟಾಕ್ ತುಂಬಿಸಬೇಡಿ, ಎಂದಿಗಿಂತ ಸ್ವಲ್ಪ ಕಡಿಮೆಯೇ ಇರಲಿ.

ಜಿಎಸ್‌ಟಿ ದರ ನಿರ್ಧರಿಸುವುದು ಜಿಎಸ್‌ಟಿ ಮಂಡಳಿ. ಕೇಂದ್ರ ಹಣಕಾಸು ಸಚಿವರು ಅದರ ಅಧ್ಯಕ್ಷರು, ರಾಜ್ಯಗಳ ಸಚಿವರು ಸದಸ್ಯರು. ಅದರ ಸಭೆ ಯಾವ ತಿಂಗಳಲ್ಲಾದರೂ ನಡೆಯಬಹುದು. ಬಜೆಟ್ ಜೊತೆಗಿನ ಹಣಕಾಸು ಮಸೂದೆಯಲ್ಲಿ ಜಿಎಸ್‌ಟಿ ಕಾನೂನಿನ ತಿದ್ದುಪಡಿ ಇರುತ್ತದೆ, ದರ ಇರುವುದಿಲ್ಲ. ಆ ತಿದ್ದುಪಡಿಯೂ ಅಧಿಸೂಚನೆ ಬರುವ ತನಕ ಹೆಚ್ಚಾಗಿ ಕಾಗದದ ಮೇಲೇ ಉಳಿದಿರುತ್ತದೆ.

ಡೀಸೆಲ್, ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ, ಮುದ್ರಾಂಕ ಮತ್ತು ನೋಂದಣಿ ಶುಲ್ಕ, ವೃತ್ತಿ ತೆರಿಗೆ, ಇವು ರಾಜ್ಯ ಸರ್ಕಾರದ ಕೈಯಲ್ಲಿವೆ. 2025ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 21.17 ಪರ್ಸೆಂಟ್‌ಗೆ ಏರಿತು. ಹಾರ್ಡ್‌ವೇರ್ ಅಂಗಡಿಯವರಿಗೆ ಕೇಂದ್ರ ಬಜೆಟ್‌ಗಿಂತ ಮೊದಲು ತಟ್ಟಿದ್ದು ಅದು, ಲಾರಿ ಬಾಡಿಗೆಯ ರೂಪದಲ್ಲಿ.

ದರ ಬದಲಾದ ದಿನ ಗೋಡೌನ್‌ನಲ್ಲಿದ್ದ ಮಾಲು

2025ರ ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ದೊಡ್ಡ ಬದಲಾವಣೆ ಮಾಡಿತು. 12 ಮತ್ತು 28ರ ದರಗಳು ಹೆಚ್ಚುಕಡಿಮೆ ಹೋದವು. ಮುಖ್ಯವಾಗಿ 5 ಮತ್ತು 18 ಉಳಿದವು, ಕೆಲವಕ್ಕೆ 40. ಜಾರಿಯಾಗಿದ್ದು ಸೆಪ್ಟೆಂಬರ್ 22ರಿಂದ. ನಡುವಿನ ಆ ದಿನಗಳಲ್ಲಿ ನಾನು ಕೇಳಿದ ಮಾತು ಒಂದೇ: “12 ಕೊಟ್ಟು ಮಾಲು ತಂದೀವಿ, 5ಕ್ಕೆ ಮಾರಬೇಕು. ಉಳಿದ 7 ನಮ್ಮ ಮೈಮೇಲೆ ಬಂತಲ್ರಿ?”

ಒಂದು ಪಾತ್ರೆ ಅಂಗಡಿಯ ಲೆಕ್ಕ ಹಾಕಿ ನೋಡೋಣ. ಸ್ಟೀಲ್ ಪಾತ್ರೆ 12ರಿಂದ 5ಕ್ಕೆ ಬಂತು. ಆಗಸ್ಟ್‌ನಲ್ಲಿ 1,00,000 ರೂಪಾಯಿ ಮಾಲು ತಂದಾಗ ಮೇಲೆ 12,000 ತೆರಿಗೆ ಕೊಟ್ಟಿದ್ದಾರೆ. ಆ 12,000 ಜಿಎಸ್‌ಟಿ ಪೋರ್ಟಲ್‌ನಲ್ಲಿ ಇನ್‌ಪುಟ್ ಕ್ರೆಡಿಟ್ ಆಗಿ ಕೂತಿದೆ, ಅಂದರೆ ಮಾರಾಟದ ಮೇಲೆ ಕಟ್ಟಬೇಕಾದ ತೆರಿಗೆಗೆ ಅದನ್ನು ವಜಾ ಮಾಡಿಕೊಳ್ಳಬಹುದು. ಸೆಪ್ಟೆಂಬರ್ 22ರ ನಂತರ ಅದೇ ಮಾಲನ್ನು 1,15,000ಕ್ಕೆ ಮಾರಿದರು. 5 ಪರ್ಸೆಂಟ್ ಅಂದರೆ ಗಿರಾಕಿಯಿಂದ 5,750 ತೆರಿಗೆ ಬಂತು. ಅದನ್ನು ಕ್ರೆಡಿಟ್‌ನಿಂದಲೇ ಕಟ್ಟಿದರು. ಇನ್ನೂ 6,250 ಕ್ರೆಡಿಟ್ ಉಳಿಯಿತು. ಅದು ಮುಂದಿನ ತಿಂಗಳ ಮಾರಾಟಕ್ಕೆ ಬರುತ್ತದೆ. ಲಾಭದ 15,000 ಹಾಗೇ ಇದೆ, ಒಂದು ಪೈಸೆಯೂ ಹೋಗಿಲ್ಲ.

ಹಾಗಾದರೆ ತೊಂದರೆಯೇ ಇಲ್ವಾ? ಇದೆ. ಆ 6,250 ಸ್ವಲ್ಪ ಕಾಲ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಮಾಲು ಜಾಸ್ತಿ ಇದ್ದಷ್ಟೂ ಸಿಕ್ಕಿಕೊಳ್ಳುವ ಮೊತ್ತ ಜಾಸ್ತಿ. ದರ ಇಳಿದ ಕಾರಣಕ್ಕೆ ಉಳಿದ ಕ್ರೆಡಿಟ್ಟನ್ನು ರೀಫಂಡ್ ಕೇಳಲು ಬರುವುದಿಲ್ಲ, ಮಾರಾಟ ಮಾಡಿಯೇ ಕರಗಿಸಬೇಕು. ಸಾಲದ ಮೇಲೆ ಮಾಲು ತಂದವರಿಗೆ ಇದು ಬಡ್ಡಿಯ ಪ್ರಶ್ನೆ.

ನಿಜವಾದ ನಷ್ಟ ಆಗಿದ್ದು ಬೇರೆಯವರಿಗೆ.

ಮೊದಲನೆಯವರು ಕಂಪೋಸಿಷನ್‌ನಲ್ಲಿ, ಅಂದರೆ ಗಿರಾಕಿಯಿಂದ ತೆರಿಗೆ ವಸೂಲಿ ಮಾಡದೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ತಾವೇ ಕಟ್ಟುವ ಜಿಎಸ್‌ಟಿ ಯೋಜನೆಯಲ್ಲಿ, ಇರುವ ಅಂಗಡಿಯವರು. ಇವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲವೇ ಇಲ್ಲ. 112 ಕೊಟ್ಟು ತಂದಿದ್ದರೆ ಅಸಲು 112. ಪಕ್ಕದ ಅಂಗಡಿಯವರು ಸೆಪ್ಟೆಂಬರ್ 23ರಂದು ಹೊಸ ಮಾಲು ತಂದರೆ ಅವರ ಗಿರಾಕಿಗೆ ತೆರಿಗೆ 5 ಮಾತ್ರ. ಅವರ ಬೆಲೆಗೆ ಸರಿಸಮ ಮಾರಬೇಕಾದರೆ ಇವರು ನೂರಕ್ಕೆ 7 ಕೈಬಿಡಬೇಕು. ದರ ಇಳಿಯುವ ಸುದ್ದಿ ಬಂದ ದಿನವೇ ಇವರು ಡೀಲರ್‌ಗೆ ಫೋನ್ ಮಾಡಿ ಎರಡು ಮಾತು ಕೇಳಬೇಕು: ಮಾರದೇ ಉಳಿದ ಮಾಲು ವಾಪಸ್ ತಗೋತೀರಾ, ಇಲ್ಲ ಹಳೇ ಬಿಲ್ಲಿನ ಮೊತ್ತ ಇಳಿಸಿ ಕ್ರೆಡಿಟ್ ನೋಟ್ ಕೊಡ್ತೀರಾ? ಕೆಲವರು ಕೊಡುತ್ತಾರೆ, ಕೆಲವರು ಕೈ ಎತ್ತುತ್ತಾರೆ. ಆದರೆ ಜಾರಿಯಾಗುವ ಮುಂಚೆ ಕೇಳಿದರೆ ಮಾತಿಗೆ ಬೆಲೆ ಇರುತ್ತದೆ.

ಎರಡನೆಯವರು ಸ್ಟೇಷನರಿಯವರು. ಮಕ್ಕಳ ನೋಟ್‌ಬುಕ್ 12ರಿಂದ ಸೊನ್ನೆಗೆ ಬಂತು. ಸೊನ್ನೆ ಆದರೆ ಇನ್ನೂ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಗಿರಾಕಿಗೆ ಒಳ್ಳೆಯದು. ಅಂಗಡಿಯವರಿಗೆ ಅಲ್ಲ. ಮಾಲಿಗೆ ತೆರಿಗೆ ವಿನಾಯಿತಿ ಸಿಕ್ಕಿತು ಅಂದರೆ ಉಳಿದ ಸ್ಟಾಕಿನ ಮೇಲೆ ಪಡೆದ ಕ್ರೆಡಿಟ್ ವಾಪಸ್ ಕಟ್ಟಬೇಕು. 1,00,000 ರೂಪಾಯಿ ನೋಟ್‌ಬುಕ್ ಕಪಾಟಿನಲ್ಲಿ ಇದ್ದರೆ 12,000 ವಾಪಸ್. ಅಂದರೆ 5ಕ್ಕೆ ಇಳಿದ ಮಾಲಿಗೂ ಸೊನ್ನೆಗೆ ಇಳಿದ ಮಾಲಿಗೂ ಲೆಕ್ಕವೇ ಬೇರೆ. ಸೊನ್ನೆಗೆ ಇಳಿಯುವ ಮಾಲನ್ನು ಜಾರಿಯ ದಿನದೊಳಗೆ ಆದಷ್ಟು ಖಾಲಿ ಮಾಡಿ. ಸ್ವಲ್ಪ ರಿಯಾಯಿತಿ ಕೊಟ್ಟಾದರೂ ಸರಿ.

ಹಿಂದಿನ ದಿನ ರಾತ್ರಿ ಅಂಗಡಿ ಮುಚ್ಚುವ ಮೊದಲು ಸ್ಟಾಕ್ ಎಣಿಸಿ. ಒಂದೊಂದು ದರದ ಮಾಲನ್ನೂ ಬೇರೆ ಹಾಳೆಯಲ್ಲಿ ಬರೆಯಿರಿ: ಎಷ್ಟು, ಯಾವ ಖರೀದಿ ಬಿಲ್ಲಿನದ್ದು. ಸಹಿ ಹಾಕಿ, ದಿನಾಂಕ ಹಾಕಿ, ಫೋಟೋ ತೆಗೆದಿಡಿ. ಮುಂದೆ ಯಾರಾದರೂ ಕೇಳಿದರೆ ತೋರಿಸಲು ಆ ಹಾಳೆ ಒಂದೇ ಆಧಾರ. ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ಹೊಸ ದರ ಆ ರಾತ್ರಿಯೇ ಹಾಕಿ, ಬೆಳಗ್ಗೆ ಗಿರಾಕಿ ನಿಂತಾಗ ಅಲ್ಲ.

ಜಾರಿಯ ದಿನದ ಹಿಂದೆ ಮುಂದೆ ಬೀಳುವ ಬಿಲ್ಲುಗಳ ಗೊಂದಲಕ್ಕೆ ಸುಲಭದ ಸೂತ್ರ ಒಂದಿದೆ. ಮಾಲು ಕೊಟ್ಟ ದಿನ, ಬಿಲ್ ಹಾಕಿದ ದಿನ, ದುಡ್ಡು ಬಂದ ದಿನ, ಈ ಮೂರನ್ನು ನೋಡಿ. ಮೂರರಲ್ಲಿ ಎರಡು ಯಾವ ಕಡೆ ಬೀಳುತ್ತವೋ ಆ ಕಡೆಯ ದರ. ಸೆಪ್ಟೆಂಬರ್ 18ಕ್ಕೆ ಮಾಲು ಕೊಟ್ಟು ಅವತ್ತೇ ಬಿಲ್ ಹಾಕಿದ್ದೀರಿ, ದುಡ್ಡು ಅಕ್ಟೋಬರ್‌ನಲ್ಲಿ ಬಂತು ಅಂದರೆ ಹಳೆಯ ದರ. ಸೆಪ್ಟೆಂಬರ್ 10ಕ್ಕೆ ಅಡ್ವಾನ್ಸ್ ಬಂದು, 24ಕ್ಕೆ ಮಾಲು, ಬಿಲ್ ಎರಡೂ ಹೋದರೆ ಹೊಸ ದರ. ಗಿರಾಕಿ ಎಷ್ಟು ವಾದ ಮಾಡಿದರೂ ಇದೇ.

ರೆಡಿಮೇಡ್ ಬಟ್ಟೆಯವರು ಇನ್ನೊಂದು ಗಮನಿಸಬೇಕು. ಒಂದು ಉಡುಪಿನ ಬೆಲೆ 2,500ರ ಒಳಗಿದ್ದರೆ 5, ದಾಟಿದರೆ 18. ತೆರಿಗೆ ಸೇರಿಸದ ಬೆಲೆ ಇದು. 2,500ರ ಜಾಕೆಟ್ ಗಿರಾಕಿಗೆ 2,625ಕ್ಕೆ ಬೀಳುತ್ತದೆ. 2,600ರದ್ದು 3,068ಕ್ಕೆ! ನಿಮಗೆ ಬರುವುದು ನೂರು ಜಾಸ್ತಿ, ಗಿರಾಕಿ ಕೊಡುವುದು 443 ಜಾಸ್ತಿ. 2,500ರಿಂದ 2,800ರ ನಡುವೆ ಬೆಲೆ ಇಡುವುದರಲ್ಲಿ ಅರ್ಥವಿಲ್ಲ. ಬಿಲ್ಲಿನಲ್ಲೇ ರಿಯಾಯಿತಿ ತೋರಿಸಿ 2,500ಕ್ಕೆ ಇಳಿಸಿ. ನಿಮ್ಮ ಅಂಗಡಿಯ ಟ್ಯಾಗುಗಳನ್ನು ಒಮ್ಮೆ ತಿರುವಿ ಹಾಕಿ ನೋಡಿ, ಇಂಥ ಐಟಂ ಇದ್ದೇ ಇರುತ್ತವೆ.

ದರ ಹಾಗೇ ಇದ್ದು ಷರತ್ತು ಮಾತ್ರ ಬದಲಾಗುವುದೂ ಉಂಟು. ನಮ್ಮೂರಿನ ಮಂಡಕ್ಕಿಗೆ ಆಗಿದ್ದು ಅದೇ. 2022ರ ಜುಲೈ 18ಕ್ಕೆ ಮುಂಚೆ ನೋಡುತ್ತಿದ್ದುದು ಬ್ರ್ಯಾಂಡ್ ಇದೆಯೋ ಇಲ್ಲವೋ ಎಂದು. ಆಮೇಲೆ ನೋಡುವುದು ಪ್ಯಾಕ್ ಮಾಡಿ ಲೇಬಲ್ ಹಚ್ಚಿದೆಯೋ ಎಂದು. ಭಟ್ಟಿಯಿಂದ ಬಿಡಿಯಾಗಿ ಮಾರಿದರೆ ತೆರಿಗೆ ಇಲ್ಲ. ತೂಕ, ಬೆಲೆ ಮುದ್ರಿಸಿದ ಪ್ಯಾಕೆಟ್ ಮಾಡಿದರೆ 5 ಪರ್ಸೆಂಟ್. ಸುಮ್ನೆ ಅಂದಕ್ಕೆ ಲೇಬಲ್ ಹಚ್ಚುವ ಮೊದಲು ಈ ಲೆಕ್ಕ ಹಾಕಿ.

12 ಲಕ್ಷ ಯಾರಿಗೆ?

2025ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದರು. ಅವತ್ತು ಸಂಜೆ ಇಬ್ಬರು ಅಣ್ಣತಮ್ಮಂದಿರು ನನ್ನ ಆಫೀಸಿಗೆ ಬಂದರು. ಇಬ್ಬರೂ ಸೇರಿ ಪಾಲುದಾರಿಕೆಯಲ್ಲಿ ಅಂಗಡಿ ನಡೆಸುತ್ತಾರೆ. ಅಣ್ಣನ ಮುಖ ಬಾಡಿತ್ತು: “ನಮ್ಮ ವ್ಯಾಪಾರ 12 ದಾಟಿ ಎಷ್ಟೋ ಆಗೈತ್ರಿ, ನಮಗೆ ಸಿಗಂಗಿಲ್ಲ.” ತಮ್ಮ ನಗುತ್ತಿದ್ದ: “ಲಾಭ 12 ದಾಟಲ್ಲ, ನಮಗೆ ಸಿಗ್ತೈತಿ.” ನಾನು ಇಬ್ಬರನ್ನೂ ಕೂರಿಸಿ ಕಾಗದ ತೆಗೆದುಕೊಂಡೆ.

12 ಲಕ್ಷ ಅನ್ನುವುದು ವಹಿವಾಟಲ್ಲ, ಆದಾಯ. ಅಷ್ಟರ ಮಟ್ಟಿಗೆ ತಮ್ಮ ಹೇಳಿದ್ದು ಸರಿ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷಕ್ಕೆ ಲೆಕ್ಕದ ಪ್ರಕಾರ 60,000 ತೆರಿಗೆ ಬರುತ್ತದೆ, ಅಷ್ಟನ್ನೂ ರಿಯಾಯಿತಿ ಕೊಟ್ಟು ಸೊನ್ನೆ ಮಾಡುತ್ತಾರೆ. ಆದರೆ ಈ ರಿಯಾಯಿತಿ ವ್ಯಕ್ತಿಗೆ ಮಾತ್ರ. ಪಾಲುದಾರಿಕೆ ಫರ್ಮ್‌ಗೆ ಸ್ಲ್ಯಾಬ್, ಅಂದರೆ ಆದಾಯಕ್ಕೆ ತಕ್ಕ ಹಾಗೆ ಹಂತಹಂತವಾಗಿ ಏರುವ ದರ, ಇಲ್ಲ. ಮೊದಲ ರೂಪಾಯಿಯಿಂದಲೇ 30 ಪರ್ಸೆಂಟ್, ಮೇಲೆ 4 ಪರ್ಸೆಂಟ್ ಸೆಸ್.

ಒಬ್ಬರೇ ಮಾಲೀಕರು ಇರುವ ಅಂಗಡಿ, ವರ್ಷಕ್ಕೆ 2 ಕೋಟಿ ವಹಿವಾಟು, ಎಲ್ಲವೂ ಯುಪಿಐ ಮತ್ತು ಬ್ಯಾಂಕಿನಲ್ಲಿ ಬಂದಿದೆ ಎಂದುಕೊಳ್ಳಿ. ಪೂರ್ತಿ ಲೆಕ್ಕದ ಪುಸ್ತಕ ಇಡದೆ ವಹಿವಾಟಿನ ಇಷ್ಟು ಪರ್ಸೆಂಟ್ ಲಾಭ ಎಂದು ತೋರಿಸುವ ಅಂದಾಜು ಲಾಭದ ಯೋಜನೆಯಲ್ಲಿ, ಅಂದರೆ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಲ್ಲಿ, 6 ಪರ್ಸೆಂಟ್ ಲಾಭ ತೋರಿಸಿದರೆ 12 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ ಸೊನ್ನೆ. ಅದೇ 12 ಲಕ್ಷ ಫರ್ಮ್ ಹೆಸರಲ್ಲಿ ಇದೇ ಯೋಜನೆಯಲ್ಲಿ ಬಂದರೆ ತೆರಿಗೆ 3,74,400. ನಿಜವಾದ ಲಾಭ 6ಕ್ಕಿಂತ ಜಾಸ್ತಿ ಇದ್ದರೆ ಜಾಸ್ತಿಯನ್ನೇ ತೋರಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ಹಾಗಂತ ನಾಳೆಯೇ ಪಾಲುದಾರಿಕೆ ಮುರಿಯಬೇಡಿ ಎಂದು ಆ ಅಣ್ಣತಮ್ಮಂದಿರಿಗೆ ಹೇಳಿದೆ. ಬ್ಯಾಂಕ್ ಸಾಲ ಯಾರ ಹೆಸರಲ್ಲಿದೆ, ಅಂಗಡಿ ಜಾಗ ಯಾರದ್ದು, ಮನೆಯವರ ಪಾಲು ಏನು, ಇವೆಲ್ಲ ತೆರಿಗೆಗಿಂತ ದೊಡ್ಡ ವಿಷಯ. ಪುಸ್ತಕ ಇಟ್ಟು ಲೆಕ್ಕ ತೋರಿಸಿದರೆ ಪಾಲುದಾರರ ಸಂಬಳವನ್ನು ಮಿತಿಯೊಳಗೆ ಖರ್ಚು ಎಂದು ಕಳೆಯಬಹುದು, ಆಗ ಆ ಸಂಬಳಕ್ಕೆ ವ್ಯಕ್ತಿಯ ಸ್ಲ್ಯಾಬ್ ಸಿಗುತ್ತದೆ. ಅವರು ಆ ದಾರಿ ಹಿಡಿದರು.

ನಗದು ವ್ಯಾಪಾರಕ್ಕೆ ಅಂದಾಜು ಲಾಭ 8 ಪರ್ಸೆಂಟ್, ಬ್ಯಾಂಕಿನಲ್ಲಿ ಬಂದದ್ದಕ್ಕೆ 6. ಒಂದೂವರೆ ಕೋಟಿಗೆ ಅದು 12 ಲಕ್ಷ ಮತ್ತು 9 ಲಕ್ಷದ ವ್ಯತ್ಯಾಸ. ಕ್ಯೂಆರ್ ಕೋಡ್ ಕಿತ್ತು ಹಾಕುವವರು ಇದನ್ನು ಯೋಚಿಸಬೇಕು.

ಸಣ್ಣ ತಯಾರಕರ ಬಾಕಿ

2023ರ ಬಜೆಟ್‌ನಲ್ಲಿ ಬಂದ ಒಂದು ಸಣ್ಣ ಸೇರ್ಪಡೆ ಭಾಷಣದಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ ‘ಎಚ್’ ಎಂಬ ಉಪಕಲಮು. ಉದ್ಯಮ್ (ಸಣ್ಣ ಉದ್ಯಮಗಳಿಗೆ ಇರುವ ಕೇಂದ್ರ ಸರ್ಕಾರದ) ನೋಂದಣಿ ಇರುವ ಮೈಕ್ರೋ, ಸ್ಮಾಲ್ ಘಟಕದಿಂದ ಮಾಲು ತಂದರೆ, ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ದುಡ್ಡು ಕೊಡಬೇಕು. ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದಿದ್ದರೆ ಆ ಖರೀದಿ ಆ ವರ್ಷದ ಖರ್ಚಲ್ಲ, ಅಷ್ಟು ಲಾಭ ಎಂದೇ ತೆರಿಗೆ ಬೀಳುತ್ತದೆ. ಕೊಟ್ಟ ವರ್ಷ ಖರ್ಚಿಗೆ ಬರುತ್ತದೆ.

ಈ ಕಲಮು ನನಗೆ ಇಷ್ಟ. ಮಗ್ಗದವರು, ಸಣ್ಣ ಫ್ಯಾಕ್ಟರಿಯವರು ದುಡ್ಡಿಗಾಗಿ ತಿಂಗಳುಗಟ್ಟಲೆ ಅಲೆಯುವುದನ್ನು ನೋಡಿದ್ದೇನೆ. ಅವರ ಪರವಾಗಿ ಕಾನೂನು ಮಾತಾಡಿದ್ದು ಒಳ್ಳೆಯದಾಯಿತು. ಆದರೆ ಕೊಳ್ಳುವವರು ತಯಾರಾಗಿರಬೇಕು. ಫೆಬ್ರವರಿ ಮೊದಲ ವಾರ ಬಾಕಿ ಪಟ್ಟಿ ತೆಗೆಯಿರಿ, ಪ್ರತಿ ಸಪ್ಲೈಯರ್ ಹತ್ತಿರ ಉದ್ಯಮ್ ಸರ್ಟಿಫಿಕೇಟ್ ಕೇಳಿ ಇಟ್ಟುಕೊಳ್ಳಿ. ತಯಾರಕರಾದರೆ, ಇಲ್ಲ ಸೇವೆ ಕೊಡುವವರಾದರೆ ಮಾತ್ರ ಈ ನಿಯಮ. ಬರೀ ತಂದು ಮಾರುವ ಹೋಲ್‌ಸೇಲ್‌ನವರ ಬಳಿ ಉದ್ಯಮ್ ಇದ್ದರೂ ಅನ್ವಯಿಸುವುದಿಲ್ಲ.

2025ರ ಏಪ್ರಿಲ್ 1ರಿಂದ ಸ್ಮಾಲ್ ಘಟಕದ ವಹಿವಾಟಿನ ಮಿತಿ 50 ಕೋಟಿಯಿಂದ 100 ಕೋಟಿಗೆ ಏರಿತು. ಬಜೆಟ್‌ನಲ್ಲಿ ಅದು ಉದ್ಯಮಗಳಿಗೆ ಸಿಹಿ ಸುದ್ದಿಯಾಗಿ ಬಂತು. ಅದರ ಇನ್ನೊಂದು ಮುಖ ಇದು: ನಿನ್ನೆ ತನಕ ಮೀಡಿಯಂ ಆಗಿದ್ದ ನಿಮ್ಮ ಸಪ್ಲೈಯರ್ ಈಗ ಸ್ಮಾಲ್. ಅವರ ಬಾಕಿಗೂ 45 ದಿನ. ಹಳೆಯ ಪಟ್ಟಿ ನಂಬಿ ಕೂರಬೇಡಿ.

ಬಾಡಿಗೆ, ಪಾಲುದಾರರ ಸಂಬಳ

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲ, ನಿಮಗೆ ಇದೆ ಅಂದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲೆ 18 ಪರ್ಸೆಂಟ್ ನೀವೇ ಕಟ್ಟಬೇಕು. 20,000 ಬಾಡಿಗೆಗೆ 3,600. ಅದನ್ನು ಇರುವ ಕ್ರೆಡಿಟ್‌ನಿಂದ ಕಟ್ಟಲು ಬರುವುದಿಲ್ಲ, ದುಡ್ಡನ್ನೇ ಕಟ್ಟಿ ಆಮೇಲೆ ಕ್ರೆಡಿಟ್ ತಗೋಬೇಕು. ಕಂಪೋಸಿಷನ್‌ನವರಿಗೆ ಇದರಿಂದ ವಿನಾಯಿತಿ ಸಿಕ್ಕಿದೆ.

ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ಸೇರಿ ವರ್ಷಕ್ಕೆ 20,000 ದಾಟಿದರೆ 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯಬೇಕು. 2024ರ ಜುಲೈನಲ್ಲಿ ಘೋಷಿಸಿದ್ದು, ಜಾರಿಯಾಗಿದ್ದು 2025ರ ಏಪ್ರಿಲ್ 1ರಿಂದ. ಘೋಷಣೆಗೂ ಜಾರಿಗೂ ನಡುವೆ ಎಂಟು ತಿಂಗಳು ಇದ್ದಾಗ ಮರೆತು ಹೋಗುವುದು ಸಹಜ. ಟಿಡಿಎಸ್ ಕಟ್ಟಲು ಬೇಕಾದ ಟ್ಯಾನ್ ನಂಬರ್ ಇಲ್ಲದ ಫರ್ಮ್‌ನವರು ಈಗಲೇ ಮಾಡಿಸಿಕೊಳ್ಳಿ.

ಕಾನೂನು ಅದೇ, ನೋಡುವ ಕಣ್ಣು ಬದಲಾದಾಗ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್‌ನಂಥ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಬೋರ್ಡುಗಳು ಎದ್ದವು. ಆಗ ಯಾವ ಹೊಸ ಕಾನೂನೂ ಬಂದಿರಲಿಲ್ಲ. ಮಾಲು ಮಾರುವವರಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಎಂಬುದು ಹಳೆಯ ಮಾತು. ಖಾನಾವಳಿ, ಹೋಟೆಲ್ ಸೇವೆಯ ಲೆಕ್ಕಕ್ಕೆ ಬರುತ್ತವೆ, ಅವರಿಗೆ 20 ಲಕ್ಷ.

ಇಲ್ಲಿ ಎಡವುವುದು ಹೀಗೆ. ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ 35 ಲಕ್ಷದ ಹಾಲು, 8 ಲಕ್ಷದ ಬಿಸ್ಕತ್ತು ಮಾರಿದರೆ ಒಟ್ಟು 43 ಲಕ್ಷ, ನೋಂದಣಿ ಬೇಕು. ತೆರಿಗೆ ಬೀಳುವುದು ಬಿಸ್ಕತ್ತಿಗೆ ಮಾತ್ರ. ಹಾಲಿನ ಖರೀದಿ ಬಿಲ್ ಇಟ್ಟುಕೊಂಡವರು ಇದನ್ನು ತೋರಿಸಬಲ್ಲರು. ಇಟ್ಟುಕೊಳ್ಳದವರ ಯುಪಿಐ ಮೊತ್ತ ಪೂರ್ತಿ ತೆರಿಗೆಯ ವ್ಯಾಪಾರದ ಹಾಗೆ ಕಾಣುತ್ತದೆ.

ಬಜೆಟ್ ವಾರದಲ್ಲಿ ಮಾಡುವ ಕೆಲಸ

ಭಾಷಣದ ಮೊದಲ ಭಾಗ ಯೋಜನೆಗಳದ್ದು, ಎರಡನೇ ಭಾಗ ತೆರಿಗೆಯದ್ದು. ಸಮಯ ಕಡಿಮೆ ಇದ್ದರೆ ಎರಡನೆಯದನ್ನು ಕೇಳಿ. ಅದಕ್ಕಿಂತ ಉತ್ತಮ, ಕೇಂದ್ರ ಬಜೆಟ್‌ನ ವೆಬ್‌ಸೈಟ್‌ನಲ್ಲಿ ಹಣಕಾಸು ಮಸೂದೆಯ ಜೊತೆ ‘ಮೆಮೊರಾಂಡಮ್’ ಎಂಬ ಕಡತ ಇರುತ್ತದೆ. ಪ್ರತಿ ಬದಲಾವಣೆಯ ಕಾರಣವನ್ನು ಅದರಲ್ಲಿ ವಿವರಿಸಿ, ಕೊನೆಯ ಸಾಲಿನಲ್ಲಿ ಜಾರಿಯ ದಿನಾಂಕ ಕೊಟ್ಟಿರುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಓದಿಕೊಂಡ ಮಕ್ಕಳನ್ನು ಕೂರಿಸಿಕೊಳ್ಳಿ, ಇಲ್ಲ ನಿಮ್ಮ ಆಡಿಟ್ರನ್ನು ಕೇಳಿ. “ಬಜೆಟ್ ಹೆಂಗೈತಿ” ಎಂದು ಕೇಳಬೇಡಿ. ನೀವು ಅತಿ ಹೆಚ್ಚು ಮಾರುವ ಹತ್ತು ಐಟಂ, ಅತಿ ಹೆಚ್ಚು ಕೊಳ್ಳುವ ಹತ್ತು ಐಟಂ ಬರೆದುಕೊಂಡು ಹೋಗಿ. ಅದರ ಕೆಳಗೆ ಬಾಡಿಗೆ, ಸಂಬಳ, ಸಾಲ, ಬಾಕಿ. ಒಂದೊಂದರ ಎದುರು ಏನು ಬದಲಾಯಿತು, ಯಾವತ್ತಿನಿಂದ ಎಂದು ಬರೆಸಿಕೊಳ್ಳಿ. ಅರ್ಧ ಗಂಟೆಯ ಕೆಲಸ.

ಅದೇ ಹಾಳೆಯಲ್ಲಿ ಮಾರ್ಚ್ 15 ಎಂದೂ ಬರೆದಿಡಿ. 44ಎಡಿಯಲ್ಲಿ ಇರುವವರು ಮುಂಗಡ ತೆರಿಗೆ ಪೂರ್ತಿ ಕಟ್ಟುವ ಕೊನೆಯ ದಿನ ಅದು. ಹೊಸ ಬಜೆಟ್‌ನ ದರ ನೋಡಿ ಆ ತೆರಿಗೆಯನ್ನು ಲೆಕ್ಕ ಹಾಕಬೇಡಿ, ಅದು ಮುಗಿಯುತ್ತಿರುವ ವರ್ಷದ್ದು.

ಇನ್ನೊಂದು ದಿನಾಂಕ 2026ರ ಏಪ್ರಿಲ್ 1. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಅವತ್ತಿನಿಂದ ಜಾರಿ. ‘ಅಸೆಸ್‌ಮೆಂಟ್ ಇಯರ್’ ಹೋಗಿ ‘ಟ್ಯಾಕ್ಸ್ ಇಯರ್’ ಬರುತ್ತದೆ. ಮೇಲೆ ಹೇಳಿದ 44ಎಡಿ, 43ಬಿ ಎಂಬ ನಂಬರ್‌ಗಳೂ ಬದಲಾಗುತ್ತವೆ. ಆದರೆ 2025-26ರ ಆದಾಯದ ರಿಟರ್ನ್ ಹಳೆಯ ಕಾಯ್ದೆಯ ಪ್ರಕಾರವೇ ಹಾಕಬೇಕು. ಹಾಗಾಗಿ ಯಾವುದಾದರೂ ನೋಟಿಸ್ ಬಂದರೆ ಮೊದಲು ಅದು ಯಾವ ವರ್ಷದ್ದು, ಯಾವ ಕಾಯ್ದೆಯದ್ದು ಎಂದು ನೋಡಿ, ಆಮೇಲೆ ಉತ್ತರ ಬರೆಸಿ.